ಎಡಗಡೆಯ ಬ್ರೇಕು

ಕೀಚ್, ಕೀಚ್ — ಆ ಗಾಲಿಕುರ್ಚಿಯ ಬಲಗಡೆ ಚಕ್ರ ಒಂದೇ ಒಂದು ತೊಟ್ಟು ಎಣ್ಣೆ ಕೇಳುತ್ತಿದೆ, ಇಷ್ಟು ದೊಡ್ಡ ಆಸ್ಪತ್ರೆ, ನೆಲವನ್ನು ಮುಖ ಕಾಣುವ ಹಾಗೆ ಒರೆಸಿದ್ದಾರೆ, ಒಂದು ತೊಟ್ಟು ಎಣ್ಣೆಗೆ ಗತಿಯಿಲ್ಲ, ಬೇರಿಂಗ್ ಒಣಗಿದ್ದು ಇಲ್ಲಿ ಯಾರ ಕಿವಿಗೂ ಬೀಳುವುದಿಲ್ಲವೇ, ನನಗೆ ಮಾತ್ರ ಯಾಕೆ ಬೀಳುತ್ತದೆ, ಬಿದ್ದರೂ ಸುಮ್ಮನೆ ಕೂರಬೇಕು, ಹೆಂಗಸು ನೋಡಿ, ಚಕ್ರದ ವಿಷಯ ನನಗೇನು ಗೊತ್ತು. ಏಳು ವಾರ. ಏಳು ವಾರದಿಂದ ಇದೇ ವ್ಯಾಯಾಮದ ಕೋಣೆ, ಗೋಡೆ ಪಕ್ಕದ ಇದೇ ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಸೊಂಟದೆತ್ತರದ ಎರಡು ಉಕ್ಕಿನ ಕಂಬಿ, ಕಂಬಿಗಳ ನಡುವೆ ಇವರು, ನನ್ನ ಯಜಮಾನರು, ಊರಿನ ಅರ್ಧ ಜನರ ಮೂಗಿಗೆ ಕನ್ನಡಕ ಕೂರಿಸಿದವರು, ಈಗ ಮಗುವಿನ ಹಾಗೆ ಹೆಜ್ಜೆ ಕಲಿಯುತ್ತಿದ್ದಾರೆ, ಎಡ, ಬಲ, ಎಡ, ಸೂಪರ್ ಅಂಕಲ್ ಎನ್ನುತ್ತಾಳೆ ವ್ಯಾಯಾಮ ಮಾಡಿಸುವ ಆ ಚೋಟುದ್ದದ ಡಾಕ್ಟರ್ ಹುಡುಗಿ, ಸೂಪರ್ ಅಂತೆ, ತೊಡೆಮೂಳೆ ಎರಡು ತುಂಡಾಗಿ ಒಳಗೆ ಉಕ್ಕಿನ ಸರಳು ಕೂತಿದೆ, ಏನು ಸೂಪರ್. ಇವತ್ತು ಕಂಬಿ ಬಿಟ್ಟು ನಾಲ್ಕು ಹೆಜ್ಜೆ ನಡೆಸುತ್ತಾಳಂತೆ. ನನ್ನ ಮಡಿಲಲ್ಲಿ ಅಣ್ಣ ಬರೆಸಿಕೊಟ್ಟ ದೂರಿನ ಕಾಗದ, ಮೇಲೆ ಅವನದೇ ಪೆನ್ನು, ಹನ್ನೆರಡಕ್ಕೆ ಬರ್ತೀನಿ, ಅಷ್ಟರೊಳಗೆ ಓದಿ ಸಹಿ ಹಾಕಿಡು, ಓದೋಕೇನಿದೆ, ಸಹಿ ಹಾಕು ಅಷ್ಟೇ. ಓದಿದೆ, ಮೂರು ಸಲ ಓದಿದೆ — ಮೆಕ್ಯಾನಿಕ್‌ನ ಘೋರ ನಿರ್ಲಕ್ಷ್ಯದಿಂದ ಹಿಂದಿನ ದಿನವಷ್ಟೇ ರಿಪೇರಿಯಾದ ಬ್ರೇಕು ಕೈಕೊಟ್ಟು. ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಕೈಚೀಲದೊಳಗೆ, ಹಳೇ ಪೇಪರಿನಲ್ಲಿ ಸುತ್ತಿದ ಆ ಕಬ್ಬಿಣದ ತುಂಡು, ಅದನ್ನು ಮುಟ್ಟುವುದಿಲ್ಲ, ಮುಟ್ಟಬಾರದು, ನಾಲ್ಕು ದಿನದಿಂದ ಚೀಲದ ಒಂದು ಮೂಲೆ ಅದರ ಭಾರಕ್ಕೆ ಜೋತುಬಿದ್ದಿದೆ.

ಯಾವ ಕಾಲು ಅಕ್ಕಾ. ಅಷ್ಟೇ ಕೇಳಿದ್ದು ಆ ಮೆಕ್ಯಾನಿಕ್, ಇವರನ್ನು ನೋಡಲು ಮನೆಗೆ ಬಂದವನು, ಹೇಗಿದ್ದಾರೆ ಭಾವ, ನೋವಿದೆಯಾ, ಎಲ್ಲ ಆದ ಮೇಲೆ, ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಬಾಗಿಲ ಕಡೆ ತಿರುಗಿ, ಯಾವ ಕಾಲಲ್ಲಿ ಒತ್ತಿದ್ರಿ ಅಕ್ಕಾ, ಮೈಯೆಲ್ಲ ಉರಿದುಹೋಯಿತು, ಯಾವ ಕಾಲು ಅಂದರೇನು, ನನಗೆ ಬ್ರೇಕು ಎಲ್ಲಿದೆ ಎಂದು ಗೊತ್ತಿಲ್ಲವೇ, ಮೂವತ್ತೆಂಟು ವರ್ಷ ಗಾಡಿ ಓಡಿಸಿದವಳಿಗೆ, ಈ ಊರಿನಲ್ಲಿ ಹೆಂಗಸರು ಸೈಕಲ್ ಹತ್ತಿದರೇ ಕಿಟಕಿಗಳು ತೆರೆದುಕೊಳ್ಳುತ್ತಿದ್ದ ಕಾಲದಲ್ಲಿ ಅಪ್ಪನ ಮೋಟಾರ್‌ಬೈಕನ್ನು, ಆ ಕಪ್ಪು ರಾಕ್ಷಸನನ್ನು ಹತ್ತಿ ಕೂತವಳಿಗೆ. ಅಪ್ಪ ಕರೆಂಟ್ ಇಲಾಖೆಯ ಲೈನ್‌ಮನ್, ಕಂಬ ಹತ್ತುವವನು, ಅವನ ಕೈಬೆರಳುಗಳೇ ಇಕ್ಕಳದ ಹಾಗಿದ್ದವು. ಹರಾಜಿನಲ್ಲಿ ತಂದದ್ದು ಅದನ್ನು, ಟ್ಯಾಂಕು ನೆಗ್ಗಿತ್ತು, ಸೀಟು ಹರಿದಿತ್ತು, ಎಳೆದು ತಂದ ದಿನ ಅಮ್ಮ ನೋಡಿ ಇದನ್ನ ಇಡೋಕೆ ಜಾಗ ಎಲ್ಲಿದೆ, ನಾವೆಲ್ಲಿ ಮಲಗೋದು ಎಂದಳು, ನಾಲ್ಕು ತಿಂಗಳು ಹಿತ್ತಿಲಲ್ಲಿ ಬಿಚ್ಚಿ ಹರಡಿಕೊಂಡು ಕೂತ, ನಾನು ಸೀಮೆಎಣ್ಣೆಯಲ್ಲಿ ಒಂದೊಂದು ನಟ್ಟೂ ತೊಳೆದೆ, ಉಗುರಿನ ಕಪ್ಪು ಸ್ಕೂಲಿನಲ್ಲಿ ಬೈಸಿಕೊಂಡರೂ ಹೋಗಲಿಲ್ಲ. ಅಣ್ಣನಿಗೆ ಕಲಿಸಲು ತಂದ ಗಾಡಿ, ಹೌದು, ಅಣ್ಣನಿಗೇ. ಮೊದಲ ಕಿಕ್‌ಗೇ ಅದು ತಿರುಗಿ ಒದೆಯಿತು, ಮೊಣಕಾಲಿನ ಕೆಳಗೆ ಬದನೆಕಾಯಿ ಬಣ್ಣ ಬಂತು, ಅವನು ಇನ್ನು ಅದರ ಹತ್ತಿರ ಸುಳಿಯಲಿಲ್ಲ, ನಂಗೆ ಹೊಗೆ ಆಗಲ್ಲಪ್ಪ ಎಂದ. ಹೊಗೆಯಂತೆ. ಆಗ ಅಪ್ಪ ನನ್ನನ್ನು ನೋಡಿದ, ಮೇಲಿಂದ ಕೆಳಗೆ, ಕಂಬ ಹತ್ತುವ ಮುಂಚೆ ಕಂಬ ನೋಡುವ ಹಾಗೆ, ನೀನು ಬಾ. ಆ ಗಾಡಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಈಗಿನವರಿಗೆ ಹೇಳಿದರೆ ನಗುತ್ತಾರೆ, ಎಲ್ಲ ಉಲ್ಟಾ ಅಲ್ವಾ ಆಂಟಿ, ಉಲ್ಟಾ ನಿಮ್ಮದು, ಆಗ ಅದೇ ಸರಿ, ಅದೊಂದೇ ಸರಿ. ಅಪ್ಪ ನನ್ನನ್ನು ಗಾಡಿ ಮೇಲೆ ಕೂರಿಸುವುದಕ್ಕೆ ಮುಂಚೆ ತಿಂಗಳುಗಟ್ಟಲೆ ಕುರ್ಚಿಯ ಮೇಲೆ ಕಲಿಸಿದ, ಊಟಕ್ಕೆ ಕೂತಿರುತ್ತೇವೆ, ತುತ್ತು ಬಾಯಿಗೆ ಹೋಗುತ್ತಿರುತ್ತದೆ, ಇದ್ದಕ್ಕಿದ್ದಂತೆ ಅಪ್ಪ, ನಾಯಿ, ಎನ್ನುತ್ತಾನೆ, ನನ್ನ ಎಡಗಾಲು ಮೇಜಿನ ಕೆಳಗೆ ಧಡ್ ಎಂದು ನೆಲ ಒತ್ತಬೇಕು. ಲೋಟ ಅದುರುತ್ತದೆ, ಅಮ್ಮ ಊಟದ ಹೊತ್ತಲ್ಲಿ ಏನ್ರೀ ಇದು ಎನ್ನುತ್ತಾಳೆ, ಅಣ್ಣ ಕಿಸಕ್ಕನೆ ನಗುತ್ತಾನೆ. ಲೆಕ್ಕ ಮಾಡುತ್ತಾ ಕೂತಿರುತ್ತೇನೆ, ಬೆನ್ನ ಹಿಂದಿಂದ, ನಾಯಿ, ಧಡ್. ಬಲಗಾಲು ಬಂದರೆ ತಲೆಗೊಂದು ಮೊಟಕು. ಯೋಚನೆ ಮಾಡಿ ಒತ್ತೋದಲ್ಲ ಮಗಳೇ, ಯೋಚನೆಗಿಂತ ಮುಂಚೆ ಒತ್ತಬೇಕು, ನೀನು ಒತ್ತಬಾರದು, ಕಾಲು ಒತ್ತಬೇಕು. ಕಲಿತೆ. ಒಂದು ಭಾನುವಾರ ಬೆಳಗ್ಗೆ ಖಾಲಿ ಮೈದಾನದಲ್ಲಿ ನಿಜವಾಗಲೂ ಒಂದು ನಾಯಿ ಅಡ್ಡ ಬಂತು, ನಾನು ನೋಡುವುದರೊಳಗೆ ಗಾಡಿ ನಿಂತಿತ್ತು, ಹಿಂದೆ ಕೂತಿದ್ದ ಅಪ್ಪ ನನ್ನ ಹೆಗಲು ತಟ್ಟಿದ, ಶಾಭಾಸ್ ಎಡಗಾಲು ಎಂದ, ನನಗಲ್ಲ, ಕಾಲಿಗೆ ಹೇಳಿದ.

ಆ ಗಾಡಿ ಯಾರಿಗೆ ಹೋಯಿತು. ಅಣ್ಣನಿಗೆ. ಅಪ್ಪ ಹೋದ ತಿಂಗಳಿಗೇ, ಕೇಳುವುದೂ ಬೇಡವೇ, ಹೇಳಲೂ ಇಲ್ಲ, ಗಂಡುಮಗ, ಗಾಡಿ ಅವನದು, ನಟ್ಟು ತೊಳೆದ ಕೈ ಯಾರದ್ದಾದರೇನು, ನಾನು ಪರೀಕ್ಷೆಯಿಂದ ಮನೆಗೆ ಬಂದರೆ ಹಿತ್ತಿಲಿನ ಗೋಡೆಗೆ ಎಣ್ಣೆಯ ಕಲೆ ಮಾತ್ರ ಇದೆ, ಗಾಡಿ ಇಲ್ಲ, ಗುಜರಿಗೆ ಹಾಕ್ಬಿಟ್ಟೆ ಕಣೇ, ಜಾಗ ತಿಂತಿತ್ತು, ನಿಂಗ್ಯಾಕೆ ಅದು, ನಾಳೆ ಮದುವೆ ಆಗೋಳು. ತೂಕಕ್ಕೆ ಹಾಕಿದ. ಹಳೇ ಬಕೆಟ್ಟು, ಕಿಟಕಿ ಸರಳುಗಳ ಜೊತೆ ಹಾಕಿದ. ಓಡಿದೆ ನಾನು, ಗುಜರಿಯವನ ಅಂಗಳದಲ್ಲಿ ಅದಾಗಲೇ ಟ್ಯಾಂಕು ಒಂದು ಕಡೆ, ಇಂಜಿನ್ನು ಒಂದು ಕಡೆ, ಸಿಕ್ಕಿದ್ದು ಎಡಗಡೆಯ ಬ್ರೇಕ್ ಪೆಡಲ್ ಒಂದೇ, ಅದನ್ನೇ ತಂದೆ, ಎಷ್ಟೋ ವರ್ಷ ಕಾಗದಗಳು ಹಾರದಿರಲೆಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಈಗ ಅದೇ ಅಣ್ಣ ನನ್ನ ಪರ. ಜನ್ಮದಲ್ಲಿ ಮೊದಲ ಸಲ ನನ್ನ ಪರ ನಿಂತಿದ್ದಾನೆ, ನಮ್ಮ ಹುಡುಗಿ ಅಪ್ಪನ ಕೈಯಲ್ಲಿ ಪಳಗಿದೋಳು, ಅವಳು ತಪ್ಪು ಮಾಡೋ ಮಾತೇ ಇಲ್ಲ, ಎಲ್ಲ ಆ ಮೆಕ್ಯಾನಿಕ್‌ದೇ ಎಂದು ಅವನ ಶೆಡ್ಡಿನ ಮುಂದೆ ಹತ್ತು ಜನ ಸೇರುವ ಹಾಗೆ ಕೂಗಾಡಿ ಬಂದನಂತೆ, ಅಪ್ಪನ ಕೈಯಲ್ಲಿ ಪಳಗಿದೋಳು ಎಂದು ಈಗ ನೆನಪಾಯಿತು ಅವನಿಗೆ, ಮೂವತ್ತೈದು ವರ್ಷ ತಡವಾಗಿ, ಅದೂ ಇಂಥ ಹೊತ್ತಿನಲ್ಲಿ. ಇವನ ಬೆಂಬಲ ಯಾರಿಗೆ ಬೇಕಿತ್ತು.

ಎಡ, ಬಲ, ಸ್ವಲ್ಪ ಉಸಿರು ಬಿಡಿ ಅಂಕಲ್ — ಇವರ ಕತ್ತಿನ ಹಿಂದೆ ಬೆವರು, ಆ ಕತ್ತನ್ನು ನಾನು ನೋಡಿದ್ದೇ ಕಡಿಮೆ, ನನ್ನ ಕತ್ತನ್ನು ಇವರು ನೋಡಿದ್ದಾರೆ, ಇಪ್ಪತ್ತಾರು ವರ್ಷ ಹಿಂದೆ ಕೂತು. ಬೆಳಗ್ಗೆ ಇವರನ್ನು ಅಂಗಡಿಗೆ ಬಿಟ್ಟು ನಾನು ಕೆಲಸಕ್ಕೆ. ಹೆಂಡತಿ ಬೆನ್ನಿಗೆ ಕೂತು ಹೋಗ್ತಾನೆ ನೋಡು ಎಂದು ಕಿಸಿಯದ ಹಲ್ಲಿಲ್ಲ ಆ ಬೀದಿಯಲ್ಲಿ, ಇವರು ಕೈ ಬೀಸುತ್ತಿದ್ದರು ಅವರಿಗೆ, ರಾಜನ ಹಾಗೆ. ಒಂದು ದಿನವೂ ನಿಧಾನ ಹೋಗು ಅನ್ನಲಿಲ್ಲ, ಒಂದು ದಿನವೂ. ನನ್ನ ಕೆಲಸ ನೀರಿನ ಲ್ಯಾಬಿನದು, ಊರೂರಿನ ಟ್ಯಾಂಕು, ನಲ್ಲಿಗಳಿಂದ ಮಾದರಿ ತರುವುದು, ನಲ್ಲಿಯ ಬಾಯಿಗೆ ಸ್ಪಿರಿಟ್ ಹತ್ತಿಯ ಬೆಂಕಿ ತೋರಿಸಿ, ಎರಡು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಅಂಚು ಬೆರಳಿಗೆ ತಾಗದಂತೆ ತುಂಬಿ, ಐಸ್ ಡಬ್ಬದಲ್ಲಿಟ್ಟು, ಆರು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಬೇಕು, ತಡವಾದರೆ ನೀರು ಬದಲಾಗುತ್ತದೆ, ಸುಳ್ಳು ಹೇಳುತ್ತದೆ. ಗಂಡಸರಿಗೆ ಇಲಾಖೆಯ ಗಾಡಿ, ನನಗೆ ಬಸ್ ಪಾಸು. ಬಸ್ಸಿನಲ್ಲಿ ಐಸ್ ಡಬ್ಬ ತೊಡೆ ಮೇಲಿಟ್ಟುಕೊಂಡು ಕೂತರೆ ಏನಮ್ಮ ಮೀನಾ ಎನ್ನುವವರೇ ಎಲ್ಲ, ಬಸ್ಸು ಕೆಟ್ಟು ನಿಂತಿತು, ಹದಿನೆಂಟು ಬಾಟಲಿ ಚರಂಡಿಗೆ ಹೋಯಿತು, ಸಾಹೇಬರು ಕನ್ನಡಕದ ಮೇಲಿಂದ ನೋಡಿ ಅದಕ್ಕೇ ಹೇಳಿದ್ದು, ಇದು ಹೆಂಗಸರ ಕೆಲಸ ಅಲ್ಲ. ಮರುವಾರ ನಾನೇ ಒಂದು ಹಳೇ ಗಾಡಿ ತಂದೆ, ಅದೂ ಅಪ್ಪನ ಗಾಡಿಯ ಕಂಪನಿಯದೇ, ಸಣ್ಣದು ಅಷ್ಟೇ, ಗೇರು ಬಲಕ್ಕೆ, ಬ್ರೇಕು ಎಡಕ್ಕೆ, ಹಿಂದಿನ ಸೀಟಿಗೆ ಡಬ್ಬ ಬಿಗಿದೆ, ಹದಿನಾಲ್ಕು ವರ್ಷ ಓಡಿಸಿದೆ, ಒಂದು ಬಾಟಲಿ ತಡ ಆಗಲಿಲ್ಲ, ಒಂದು ಕೋಳಿಯ ಪುಕ್ಕ ಕೊಂಕಲಿಲ್ಲ. ಆದರೂ ಎಲ್ಲಿ ನಿಲ್ಲಿಸಿದರೂ ಯಾರದೋ ಒಬ್ಬರ ಬಾಯಲ್ಲಿ, ಹುಷಾರಮ್ಮ, ಬಿದ್ದೀಯ. ಬೀಳುವುದನ್ನೇ ಕಾಯುತ್ತಿದ್ದರು. ಮೂವತ್ತೆಂಟು ವರ್ಷ ಇಡೀ ಊರು ನಾನು ಬೀಳುವುದನ್ನು ಕಾಯುತ್ತಾ ನಿಂತಿತ್ತು, ಗಂಡಸರು ದಿನಕ್ಕೊಬ್ಬ ಬೀಳುತ್ತಿದ್ದ, ಬಿದ್ದರೆ ರಸ್ತೆ ಸರಿಯಿಲ್ಲ ಎನ್ನುತ್ತಿದ್ದರು.

ಹುಷಾರಮ್ಮ ಅನ್ನದೇ ಇದ್ದವನು ಊರಲ್ಲಿ ಒಬ್ಬನೇ, ಆ ಮೆಕ್ಯಾನಿಕ್. ಮೊದಲ ದಿನವೇ, ಪ್ಲಗ್ ನೀವೇ ಕ್ಲೀನ್ ಮಾಡಿದ್ರಾ ಅಕ್ಕಾ, ಚೆನ್ನಾಗ್ ಮಾಡಿದೀರಿ. ಅಷ್ಟೇ. ಸ್ಟೂಲು ಹಾಕಿ ಕೂರಿಸಿ, ಸ್ಪ್ಯಾನರ್ ಕೇಳಿದರೆ ನಾನು ಕೊಡುತ್ತಿದ್ದೆ, ಹತ್ತು ಹನ್ನೊಂದು ಎಂದು ನಂಬರು ಹೇಳುವುದಕ್ಕೆ ಮೊದಲೇ ಕೊಡುತ್ತಿದ್ದೆ, ಇಲಾಖೆಯ ಹನ್ನೊಂದು ಗಾಡಿಗಳನ್ನು ಅವನ ಶೆಡ್ಡಿಗೆ ಕಳಿಸುವಂತೆ ಮಾಡಿದ್ದೂ ನಾನೇ. ಆಮೇಲೆ ಆ ಹಳೇ ಗಾಡಿಗೆ ಸಾಮಾನು ಸಿಗದಾಯಿತು, ಮೂರನೆಯದು ಬಂತು, ಹೊಸದು, ಕೆಂಪನೆಯದು, ಎಲ್ಲ ತಿರುವುಮುರುವು, ಗೇರು ಎಡಕ್ಕೆ, ಬ್ರೇಕು ಬಲಕ್ಕೆ, ಯಾರನ್ನು ಕೇಳಿ ಬದಲಾಯಿಸಿದರು ಇವರು, ಯಾವ ದೊಡ್ಡ ಮನುಷ್ಯ ಯಾವ ಮೇಜಿನ ಮುಂದೆ ಕೂತು ಎಡ ಇದ್ದದ್ದು ಬಲ ಆಗಲಿ ಎಂದ, ಒಂದು ಮಾತು ನಮ್ಮ ಕಾಲುಗಳನ್ನು ಕೇಳಬೇಡವೇ. ಮೊದಲ ವಾರವೇ ಶಾಲೆಯ ಮುಂದೆ ಆಗಷ್ಟೇ ಹಾಕಿದ್ದ ಹಸಿ ಸಿಮೆಂಟಿಗೆ ನುಗ್ಗಿದೆ, ಗೇರು ಒತ್ತಿಕೊಂಡು ಬ್ರೇಕು ಯಾಕೆ ಹಿಡಿಯುತ್ತಿಲ್ಲ ಎಂದು ಇನ್ನೂ ಒತ್ತುತ್ತಿದ್ದೆ, ಚಕ್ರದ ಗುರುತು ಇವತ್ತಿಗೂ ಅಲ್ಲಿದೆ, ಮಕ್ಕಳು ಅದರಲ್ಲಿ ಗೋಲಿ ಉರುಳಿಸುತ್ತಾರೆ. ಗಾಡಿ ತೊಳೆಯುತ್ತಾ ಅವನು ನಗಲಿಲ್ಲ. ಮೈ ಒಂದು ಸಲ ಕಲ್ತಿದ್ದನ್ನ ಅಷ್ಟು ಸುಲಭಕ್ಕೆ ಬಿಡಲ್ಲ ಅಕ್ಕಾ ಎಂದ, ಕೆಂಪು ಬಣ್ಣ ತಂದು ಬಲಗಡೆ ಪೆಡಲಿನ ಮೇಲೆ ಕಾಸಗಲದ ಬೊಟ್ಟು ಇಟ್ಟ, ಹತ್ತೋವಾಗೆಲ್ಲ ಒಂದ್ಸಲ ನೋಡ್ಕೊಳಿ. ಮೂರು ತಿಂಗಳು ನೋಡಿಕೊಂಡೆ. ಆಮೇಲೆ ಲ್ಯಾಬಿನ ಗುಮಾಸ್ತ ಅದನ್ನು ಕಂಡು, ಏನು ಮೇಡಂ, ಬ್ರೇಕ್ ಎಲ್ಲಿದೆ ಅಂತ ಗುರುತು ಹಾಕ್ಕೊಂಡಿದೀರಾ, ನಾಲ್ಕು ಜನರ ಮುಂದೆ, ಹಹಹ. ಅವತ್ತೇ ಸೀಮೆಎಣ್ಣೆ ಬಟ್ಟೆ ತಗೊಂಡು ಉಜ್ಜಿ ಉಜ್ಜಿ ತೆಗೆದೆ, ಚೂರೂ ಉಳಿಯದ ಹಾಗೆ. ಏನಾಯಿತು, ಏನೂ ಆಗಲಿಲ್ಲ, ವರ್ಷಗಟ್ಟಲೆ ಬಲಗಾಲೇ ಒತ್ತಿದೆ, ಸಿಗ್ನಲ್ಲಿಗೆ, ತಿರುವಿಗೆ, ಗುಂಡಿಗೆ, ಎಲ್ಲ ಬಲಗಾಲು, ಯೋಚನೆ ಮಾಡಲು ಒಂದು ಕ್ಷಣ ಇದ್ದಾಗೆಲ್ಲ ಬಲಗಾಲು. ನಾಲ್ಕನೆಯದು, ಈಗಿನದು, ಗುಂಡಿ ಒತ್ತಿದರೆ ಶುರುವಾಗುವ ಬೂದು ಬಣ್ಣದ್ದು, ಹೊಲಿಗೆ ಯಂತ್ರದಷ್ಟೂ ಸದ್ದಿಲ್ಲ, ಅದಕ್ಕೂ ಅವನು ಬೊಟ್ಟು ಇಡಲೇ ಅಕ್ಕಾ ಎಂದಿದ್ದ. ನಾನೇನು ಚಿಕ್ಕ ಮಗುವಾ ಎಂದೆ. ಬಣ್ಣದ ಡಬ್ಬ ಮುಚ್ಚಿಟ್ಟ.

ಏಣಿ. ಅವತ್ತು ಇವರನ್ನು ಅಂಗಡಿಗೆ ಬಿಡಲು ಹೋಗುವಾಗ ಮೊದಲು ಕಂಡದ್ದು ಏಣಿಯ ತುದಿ, ಬಣ್ಣ ಬಳಿಯುವವರದು, ಗಲ್ಲಿಯಿಂದ ಅಡ್ಡಡ್ಡ ಹೊರಬರುತ್ತಿದೆ, ಮನುಷ್ಯನೇ ಇಲ್ಲ, ಬರೀ ಏಣಿ, ಬಿಳಿ ಸುಣ್ಣದ ಕಲೆ, ಒಂದು ಮೆಟ್ಟಿಲು, ಎರಡು ಮೆಟ್ಟಿಲು, ಬೆಳಗಿನ ಒಂಬತ್ತೂಕಾಲು, ರಸ್ತೆ ಒಣಗಿದೆ, ನನ್ನ ಕಣ್ಣು ಸರಿಯಿದೆ, ಇವರೇ ಪರೀಕ್ಷೆ ಮಾಡಿದ ಕಣ್ಣು, ಕೈಬ್ರೇಕು ಹಿಡಿದೆ, ಕಾಲು ಒತ್ತಿದೆ, ಒತ್ತಿದೆ, ಇನ್ನೊಂದು ಸಲ ಧಡ್ ಎಂದು ಒತ್ತಿದೆ, ಗಾಡಿ ಮುಗ್ಗರಿಸಿ ಚೀರಿತು, ಆಮೇಲೆ ಆಕಾಶ. ನನಗೆ ಅಂಗೈ ತರಚಿತು ಅಷ್ಟೇ. ಇವರು ಗಾಡಿಯ ಕೆಳಗೆ. ಜನ ಸೇರಿದರು, ಇಷ್ಟು ವರ್ಷ ಕಾದ ಜನ, ಅವರ ಮುಖದ ಮೇಲಿನ ಆ ಸಮಾಧಾನ ನಾನು ಸಾಯುವವರೆಗೂ ಮರೆಯುವುದಿಲ್ಲ, ಒಬ್ಬ ಹೇಳಿಯೇ ಬಿಟ್ಟ, ನಂಗೊತ್ತಿತ್ತು, ಹೆಂಗಸರ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ. ಬ್ರೇಕ್ ಹಿಡೀಲಿಲ್ಲ ಎಂದೆ ನಾನು. ಸುಳ್ಳಲ್ಲ, ಒತ್ತಿದೆ, ಹಿಡಿಯಲಿಲ್ಲ. ನೆಲದ ಮೇಲೆ ಬಿದ್ದಿದ್ದ ಇವರು, ತುಟಿ ಬಿಳಿಚಿಕೊಂಡಿತ್ತು, ನನ್ನ ಕಡೆ ನೋಡಿ, ಹೌದು, ಬ್ರೇಕ್ ಹಿಡೀಲಿಲ್ಲ, ನಾನು ಹಿಂದೇನೇ ಇದ್ನಲ್ಲ, ಎಂದರು. ಒಂದು ಮಾತು ಅಷ್ಟೇ, ಆಮೇಲೆ ಅದಕ್ಕೆ ಕೈಕಾಲು ಬಂತು, ಬ್ರೇಕ್ ಹಿಡಿಯಲಿಲ್ಲ, ಬ್ರೇಕ್ ಫೇಲು, ನಿನ್ನೆ ತಾನೇ ಆ ಮೆಕ್ಯಾನಿಕ್ ಬ್ರೇಕ್ ಶೂ ಹಾಕಿದ್ದನಂತೆ, ಅವನೇ, ಅವನದೇ. ಇಲಾಖೆ ಹನ್ನೊಂದು ಗಾಡಿಯನ್ನೂ ಅವನಿಂದ ಬಿಡಿಸಿತು. ಶೆಡ್ಡು ಖಾಲಿ, ಜನ ಅಲ್ಲಿ ಗಾಳಿ ಹೊಡೆಸಲೂ ನಿಲ್ಲುತ್ತಿಲ್ಲವಂತೆ, ಈ ಕಾಗದ ಹೋದರೆ ಬಾಗಿಲಿಗೆ ಬೀಗವೇ. ನಾಲ್ಕು ದಿನದ ಹಿಂದೆ ಬಂದಿದ್ದ, ಕೂಗಾಡಲು ಬಂದ ಎಂದುಕೊಂಡೆ, ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ಕೂಗಾಡುತ್ತಿದ್ದೆ. ಇವರಿಗೆ ಕಿತ್ತಳೆ ತಂದಿದ್ದ. ಎದ್ದು ಬಾಗಿಲ ತನಕ ಹೋಗಿ, ಯಾವ ಕಾಲು ಅಕ್ಕಾ, ಉತ್ತರಕ್ಕೆ ಕಾಯದೆ ಪೇಪರಿನಲ್ಲಿ ಸುತ್ತಿದ್ದನ್ನು ಬಾಗಿಲ ಪಕ್ಕದ ಮೇಜಿನ ಮೇಲಿಟ್ಟ, ಇದನ್ನ ಯಾರಿಗೂ ತೋರಿಸಿಲ್ಲ, ನಿಮ್ ಹತ್ರಾನೇ ಇರ್ಲಿ, ಅವತ್ತು ನಾನು ಎತ್ಕೊಂಡ್ ಹೋದಾಗ ಗಾಡಿ ಒಂದನೇ ಗೇರಲ್ಲಿತ್ತು. ಎಡಗಡೆಯ ಗೇರ್ ಲಿವರು. ಬಗ್ಗಿದೆ, ಕೆಳಕ್ಕೆ, ಮೇಲಿಂದ ಆನೆಯೇ ತುಳಿದ ಹಾಗೆ. ಮೂರನೇ ಗೇರಲ್ಲಿ ಹೋಗುತ್ತಿದ್ದವಳು ನಾನು, ಆ ಲಿವರನ್ನು ಒತ್ತಿದಷ್ಟು ಸಲ ಗೇರು ಕೆಳಗಿಳಿಯುತ್ತದೆ.

ಬಿದ್ದಾಗ ಬಗ್ಗಿದ್ದು ಇರಬಹುದು, ಎಷ್ಟೋ ಗಾಡಿ ಬಿದ್ದು ಎಷ್ಟೋ ಲಿವರು ಬಗ್ಗುತ್ತವೆ — ಬಲಗಡೆಗೆ ಬಿದ್ದ ಗಾಡಿಯ ಎಡಗಡೆಯ ಲಿವರು, ಇರಲಿ, ಇರಲಿ, ಹೇಳಿಬಿಟ್ಟರೆ ಏನಾಗುತ್ತದೆ ಎಂದು ಅವನಿಗೇನು ಗೊತ್ತು, ಅವನ ಹೆಸರು ಹೋದರೆ ಅವನೊಬ್ಬನ ಹೆಸರು, ನನ್ನದು ಹೋದರೆ ನಾಳೆ ಲ್ಯಾಬಿಗೆ ಸೇರುವ ಹುಡುಗಿಗೂ ಬಸ್ ಪಾಸೇ, ನೋಡಿದ್ದೀವಮ್ಮ ನಿಮ್ಮ ಥರದೋರನ್ನ, ಎನ್ನುತ್ತಾರೆ, ಸಾಹೇಬರು ಕನ್ನಡಕದ ಮೇಲಿಂದ ನೋಡುತ್ತಾರೆ, ಆ ಗುಮಾಸ್ತ ನಗುತ್ತಾನೆ, ನನ್ನ ಮೂವತ್ತೆಂಟು ವರ್ಷವನ್ನು ತೂಕಕ್ಕೆ ಹಾಕುತ್ತಾರೆ, ಬಕೆಟ್ಟಿನ ಜೊತೆ. ಅವನು ಗಂಡಸು, ಇನ್ನೊಂದು ಬೀದಿಯಲ್ಲಿ ಇನ್ನೊಂದು ಶೆಡ್ಡು — ಛೇ, ಏನು ಹೇಳುತ್ತಿದ್ದೇನೆ, ಯಾರ ಮಾತು ಇದು, ಅಣ್ಣನ ಬಾಯಿ ನನಗೆ ಯಾವಾಗ ಬಂತು. ಇಡೀ ಊರಿನಲ್ಲಿ ಒಬ್ಬ, ಒಬ್ಬನೇ, ನನ್ನನ್ನು ಗಾಡಿ ಓಡಿಸುವ ಮನುಷ್ಯ ಎಂದು ನೋಡಿದವನು, ಅವನನ್ನೇ ಹಿಡಿದು ಕೊಟ್ಟೆ. ಹನ್ನೆರಡಕ್ಕೆ ಮೂರು ನಿಮಿಷ. ಪೆನ್ನಿನ ಮುಚ್ಚಳ ತೆಗೆದಿದೆ, ಯಾವಾಗ ತೆಗೆದೆ. ಈಗ ಕಂಬಿ ಬಿಡಿ ಅಂಕಲ್, ಎದುರಿಗೆ ಆಂಟಿ ಇದ್ದಾರಲ್ಲ, ಅವರ ಕಡೆ ಬನ್ನಿ, ನಾಲ್ಕೇ ಹೆಜ್ಜೆ, ಇವರು ಕಂಬಿ ಬಿಟ್ಟರು, ಎರಡು ಕೈ ಗಾಳಿಯಲ್ಲಿ, ನನ್ನನ್ನು ನೋಡಿ ನಗುತ್ತಿದ್ದಾರೆ, ಒಂದು, ಕೀಚ್ ಎಂದು ಎಲ್ಲೋ ಆ ಗಾಲಿಕುರ್ಚಿ, ಎರಡು, ಕಾರಿಡಾರಿನಲ್ಲಿ ಅಣ್ಣನ ಬೂಟಿನ ಸದ್ದು, ಮೂರು, ಬಾಗಿಲ ಸಂದಿಯಿಂದ ಗಾಲಿಕುರ್ಚಿಯ ಮುಂದಿನ ತುದಿ, ಮನುಷ್ಯನೇ ಇಲ್ಲ, ಬರೀ ತುದಿ, ಇವರ ಕಾಲಿಗೆ ಅಡ್ಡ — ಧಡ್. ಹುಡುಗಿ ಇವರ ತೋಳು ಹಿಡಿದುಕೊಂಡಳು, ಏನೂ ಆಗಲಿಲ್ಲ, ಗಾಲಿಕುರ್ಚಿ ನಿಂತಿತು, ಏನ್ ಸದ್ದು ಅದು, ಏನ್ ಬಿತ್ತು ಎಂದು ಅವಳು ಸುತ್ತ ನೋಡುತ್ತಿದ್ದಾಳೆ. ಇವರು ಸುತ್ತ ನೋಡಲಿಲ್ಲ. ಇವರು ನನ್ನ ಮುಖವನ್ನೂ ನೋಡಲಿಲ್ಲ, ಇವರ ಕಣ್ಣು ನೇರ ಕೆಳಗೆ ಹೋಯಿತು, ಹುಡುಕಲಿಲ್ಲ, ಎಲ್ಲಿ ನೋಡಬೇಕೆಂದು ಗೊತ್ತಿದ್ದವರ ಹಾಗೆ, ಏಳು ವಾರದಿಂದ ಗೊತ್ತಿದ್ದವರ ಹಾಗೆ. ಮಡಿಲಿನ ಕಾಗದ ಜಾರಿ ನೆಲಕ್ಕೆ ಬಿದ್ದಿದೆ, ಸಹಿ ಆಯ್ತೇನೇ ಎನ್ನುತ್ತಾ ಅಣ್ಣ ಒಳಗೆ ಬರುತ್ತಿದ್ದಾನೆ, ಆಗಲಿಲ್ಲ ಕಣೋ, ಆಗಲ್ಲ, ಎನ್ನಬೇಕು, ಕಾಗದದ ಮೇಲೆ ನನ್ನ ಕಾಲು, ಎತ್ತಬೇಕು, ಎತ್ತಲಾಗುತ್ತಿಲ್ಲ, ಬೆರಳ ತುದಿಯವರೆಗೂ ಒತ್ತಿಕೊಂಡು ನಿಂತಿದೆ, ಇನ್ನೂ ಒತ್ತುತ್ತಿದೆ, ಎಡಗಾಲು, ಎಡಗಾಲು